ಮಗಳ ನಂಬರ್, ಮಗನ ಪಿ.ಟಿ. ಪೀರಿಯಡ್

ಹಾಸನ, 16 ಜೂನ್ 2024, ಭಾನುವಾರ

ಮಗಳ ಕನ್ನಡಕದ ನಂಬರ್ ಮತ್ತೆ ಏರಿದೆ. ದೂರದ್ದು ಮಂಜಾಗಿ ಕಾಣುವವರಿಗೆ ಕೊಡುವ ಮೈನಸ್ ಪವರ್ ಅದು, ಹೋದ ವರ್ಷ ಒಂದೂವರೆ, ಈಗ ಎರಡೂಕಾಲು. ಇನ್ನೂ ಹತ್ತು ವರ್ಷದವಳು. ಅತ್ತೆ, "ಕನ್ನಡಕ ಹಾಕಿದಷ್ಟೂ ನಂಬರ್ ಏರುತ್ತೆ ಕಣಮ್ಮ, ಸ್ವಲ್ಪ ಕಮ್ಮಿ ಪವರ್‌ದು ಹಾಕಿಸು" ಅಂದರು. ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುವುದು ಇದನ್ನೇ. ಮಲೇಷ್ಯಾದಲ್ಲಿ ಮಕ್ಕಳಿಗೆ ಬೇಕೆಂದೇ ಕಡಿಮೆ ಪವರ್ ಕೊಟ್ಟು ನೋಡಿದ್ದರು, ಅದರ ವರದಿ 2002ರಲ್ಲಿ ಬಂತು. ಆ ಮಕ್ಕಳ ನಂಬರ್ ಇನ್ನೂ ಬೇಗ ಏರಿತ್ತು!

ನಂಬರ್ ಏರುತ್ತಿದೆ ಅಂದರೆ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆಯುತ್ತಿದೆ ಅಂತ. ಒಂದು ಮಿಲಿಮೀಟರ್ ಜಾಸ್ತಿ ಬೆಳೆದರೆ ನಂಬರ್ ಸುಮಾರು ಎರಡೂವರೆ ಏರುತ್ತದೆ. ಬೆಳೆದದ್ದನ್ನು ಗಿಡ್ಡ ಮಾಡಲು ಆಗುವುದಿಲ್ಲ. ದೊಡ್ಡವಳಾದ ಮೇಲೆ ಲೇಸರ್ ಮಾಡಿಸಿದರಾಯ್ತು ಅಂತಾರೆ, ಆದರೆ ಲೇಸರ್‌ನಿಂದ ಕನ್ನಡಕ ಹೋದರೂ ಉದ್ದವಾದ ಕಣ್ಣು ಹಾಗೇ ಉಳಿಯುತ್ತದೆ, ಮೈನಸ್ ಆರು ದಾಟಿದವರಿಗೆ ಕಣ್ಣಿನ ಹಿಂದಿನ ಪರದೆ (ರೆಟಿನಾ) ಕಳಚುವ ಭಯ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಭಯ ಎರಡೂ ಜಾಸ್ತಿ. ತಡೆಯುವುದಾದರೆ ಈಗಲೇ, ಕಣ್ಣು ಬೆಳೆಯುವ ವಯಸ್ಸಿನಲ್ಲೇ.

ಡಾಕ್ಟರ್ ಎರಡು ದಾರಿ ಹೇಳಿದರು. ಒಂದು, ರಾತ್ರಿ ಮಲಗುವ ಮುಂಚೆ ಕಣ್ಣಿಗೆ ತೀರಾ ಕಡಿಮೆ ಪ್ರಮಾಣದ ಅಟ್ರೋಪಿನ್ ಅನ್ನೋ ಔಷಧಿಯ ಹನಿ. ಇನ್ನೊಂದು, ನಡುವೆ ಮಾಮೂಲಿ ಪವರ್, ಸುತ್ತಲೂ ಪುಟ್ಟ ಪುಟ್ಟ ಮಸೂರಗಳಿರುವ ಕನ್ನಡಕ. ಹಾಂಗ್‌ಕಾಂಗ್‌ನಲ್ಲಿ ಎರಡು ವರ್ಷ ಅಂಥ ಕನ್ನಡಕ ಹಾಕಿದ ಮಕ್ಕಳಲ್ಲಿ ನಂಬರ್ ಏರುವುದು ಅರ್ಧದಷ್ಟು ಕಮ್ಮಿಯಾಗಿತ್ತು. ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ನಮಗೆ ಅಷ್ಟೇ ಸಾಕು. ಆ ಕನ್ನಡಕ ದುಬಾರಿ, ಹಾಗಾಗಿ ಸದ್ಯಕ್ಕೆ ಹನಿ. ಅದನ್ನು ನಾವಾಗಿಯೇ ನಿಲ್ಲಿಸಬಾರದಂತೆ, ದಿಢೀರನೆ ಬಿಟ್ಟರೆ ನಂಬರ್ ಮತ್ತೆ ಜೋರಾಗಿ ಏರಬಹುದು.

ಚಿಕ್ಕವನಿಗೆ ಆರು ವರ್ಷ, ಕಣ್ಣು ಇನ್ನೂ ಚೆನ್ನಾಗಿದೆ. ಅವನಿಗೆ ಬೇಕಾದದ್ದು ಹಗಲು ಬೆಳಕು. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೊರಗಿನ ಪೀರಿಯಡ್ ಜಾಸ್ತಿ ಕೊಟ್ಟರು. ಮೂರು ವರ್ಷದಲ್ಲಿ ಅವರಲ್ಲಿ ನೂರಕ್ಕೆ ಸುಮಾರು 30 ಮಕ್ಕಳಿಗೆ ಮೈನಸ್ ಬಂತು, ಉಳಿದ ಶಾಲೆಗಳಲ್ಲಿ ಸುಮಾರು 40 ಮಕ್ಕಳಿಗೆ. ದುಡ್ಡಿಲ್ಲದ ಔಷಧಿ ಅಲ್ವಾ ಇದು? ಮಳೆಗಾಲ ಅಂತ ಸುಮ್ನೆ ಒಳಗೆ ಕೂರಿಸಬೇಕಿಲ್ಲ, ಮೋಡ ಕವಿದಿದ್ದರೂ ಮಹಾರಾಜ ಪಾರ್ಕಿನ ಬೆಳಕು ನಮ್ಮ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಹೆಚ್ಚು.

ಆದರೆ ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಬಂದರೆ ಗಣಿತ ಮಾಡಿಸುತ್ತಾರೆ. ಶನಿವಾರ ಪೋಷಕರ ಸಭೆಯಿದೆ. ಆ ಪೀರಿಯಡ್ ವಾಪಸ್ ಕೊಡಿ ಅಂತ ಕೇಳಿಯೇ ಕೇಳುತ್ತೇನೆ, ಪಕ್ಕದ ಮನೆಯವರೂ ಜೊತೆಗೆ ಬರುತ್ತೇನೆ ಅಂದಿದ್ದಾರೆ.