ಅಂಗೈ ಬೆವರಿಗೆ ಆಪರೇಷನ್ ಮಾಡಿಸಿಬಿಡೋಣವೇ?

ಡೊಂಬಿವಲಿ, ಮುಲುಂಡ್, ಮಾಟುಂಗಾ ಕಡೆಯ ಕನ್ನಡದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆ ಇದು: "ಮಗಳ ಅಂಗೈ ಸದಾ ಒದ್ದೆ, ಡಾಕ್ಟ್ರೇ. ಬರೆಯುವಾಗ ಉತ್ತರಪತ್ರಿಕೆಯೇ ನೆನೆದುಹೋಗುತ್ತದೆ. ಆಪರೇಷನ್ ಮಾಡಿಸಿಬಿಡೋಣವೇ?"

ಮಾಡಿಸಬಹುದು, ಆದರೆ ಬೇರೆ ಚಿಕಿತ್ಸೆಗಳನ್ನೆಲ್ಲ ಮಾಡಿ ನೋಡಿ ಸೋತ ಮೇಲೆ. ಮುಂಬೈಯಲ್ಲಿ ಇರುವವರಂತೂ ಎರಡು ಸಲ ಯೋಚಿಸಬೇಕು.

ಅಂಗೈ ಬೆವರಿಸುವ ಸಿಂಪಥೆಟಿಕ್ ನರ ಎದೆಗೂಡಿನೊಳಗೆ, ಪಕ್ಕೆಲುಬುಗಳ ಬುಡದ ಮೇಲೆ ಬಿಳಿ ದಾರದಂತೆ ಇಳಿಯುತ್ತದೆ. ಪೂರ್ತಿ ಅರಿವಳಿಕೆ ಕೊಟ್ಟು, ಕಂಕುಳ ಬಳಿ ಸುಮಾರು 5 ಮಿ.ಮೀ.ನ ಒಂದೆರಡು ತೂತು ಮಾಡಿ, ಆ ಬದಿಯ ಶ್ವಾಸಕೋಶವನ್ನು ಸ್ವಲ್ಪ ಹೊತ್ತು ಕುಗ್ಗಿಸಿ ಕ್ಯಾಮೆರಾ ಇಳಿಸುತ್ತಾರೆ. ಪಕ್ಕೆಲುಬು ಎಣಿಸಿ, ಮೂರನೆಯದರ ಅಥವಾ ನಾಲ್ಕನೆಯದರ ಮೇಲೆ ನರವನ್ನು ಕತ್ತರಿಸುತ್ತಾರೆ, ಇಲ್ಲವೇ ಕ್ಲಿಪ್ ಹಾಕುತ್ತಾರೆ. ಸಾಮಾನ್ಯವಾಗಿ ಎರಡೂ ಬದಿ ಒಂದೇ ಸಲಕ್ಕೆ. ಟೇಬಲ್ ಮೇಲಿರುವಾಗಲೇ ಅಂಗೈ ಬೆಚ್ಚಗಾಗಿ ಒಣಗುತ್ತದೆ. ಎಣಿಕೆ ತಪ್ಪಿ ತೀರಾ ಮೇಲೆ ಕೈಯಿಟ್ಟರೆ ಕಣ್ಣಿನ ರೆಪ್ಪೆ ಜೋತುಬೀಳಬಹುದು; ಪಕ್ಕದ ಕವಲು ನರ ಉಳಿದರೆ ಬೆವರು ಮರಳಬಹುದು. ಎದೆಯಲ್ಲಿ ಗಾಳಿ ಉಳಿದಿದೆಯೇ ಎಂದು ಎಕ್ಸ್‌ರೇ ನೋಡಿ, ಹೆಚ್ಚಾಗಿ ಮರುದಿನ ಮನೆಗೆ ಕಳಿಸುತ್ತಾರೆ.

ನಿಜವಾದ ಕಷ್ಟ ಆಮೇಲಿನದು. ಕೈ ಒಣಗಿದ ಬಹಳ ಮಂದಿಗೆ ಬೆನ್ನು, ಹೊಟ್ಟೆ, ತೊಡೆ ಬೆವರತೊಡಗುತ್ತವೆ. ಹೆಚ್ಚಿನವರು ಸಹಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಮೇ ತಿಂಗಳಲ್ಲಿ ಲೋಕಲ್ ಹತ್ತಿ ಆಫೀಸು ಮುಟ್ಟುವಷ್ಟರಲ್ಲಿ ಅಂಗಿ ಬದಲಿಸಬೇಕಾದ ಸ್ಥಿತಿ. ಕ್ಲಿಪ್ ತೆಗೆಸಿದರೆ ಸರಿಹೋಗುತ್ತದೆ ಎಂಬ ಖಾತ್ರಿಯಿಲ್ಲ. ನಾಲ್ಕನೆಯ ಪಕ್ಕೆಲುಬಿನಲ್ಲಿ ಮಾಡಿದರೆ ಅಂಗೈ ತುಸು ತೇವ ಉಳಿದರೂ ಈ ಕಾಟ ಕಡಿಮೆ. ಇಲ್ಲಿನ ಹವೆಗೆ ಅದೇ ಮೇಲು. ಈಗಲೇ ಮೈಯೆಲ್ಲ ಬೆವರುವವರಿಗೆ, ವಿಶ್ರಾಂತಿಯಲ್ಲಿ ನಾಡಿ 55ಕ್ಕಿಂತ ಕಡಿಮೆ ಇರುವವರಿಗೆ ನಾವು ಬೇಡವೇ ಬೇಡ ಎನ್ನುತ್ತೇವೆ.

ಹಾಗಾದರೆ ಮೊದಲೇನು? ಥೈರಾಯ್ಡ್ ನೋಡಿಸಿ. ರಾತ್ರಿ 20% ಅಲ್ಯೂಮಿನಿಯಂ ಕ್ಲೋರೈಡ್ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಕೈ ಪೂರ್ತಿ ಒಣಗಿರಲಿ, ಒದ್ದೆಗೆ ಹಚ್ಚಿದರೆ ಆಮ್ಲವಾಗಿ ಉರಿಯುತ್ತದೆ. ಅದು ಸಾಲದಿದ್ದರೆ ಅಯಾಂಟೊಫೊರೆಸಿಸ್: ನಲ್ಲಿನೀರಿನ ತಟ್ಟೆಗಳಲ್ಲಿ ಕೈಯಿಟ್ಟು ಇದಕ್ಕೆಂದೇ ಇರುವ ಯಂತ್ರದಿಂದ 15–20 ಮಿಲಿಆಂಪಿಯರ್ ಕರೆಂಟ್, 20–30 ನಿಮಿಷ, ವಾರಕ್ಕೆ ಮೂರು ಸಲ. ಉಂಗುರ, ಬಳೆ ತೆಗೆದಿಡಿ. ಕರೆಂಟ್ ಏರದಿದ್ದರೆ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ. ಪೇಸ್‌ಮೇಕರ್ ಇದ್ದವರಿಗೆ, ಗರ್ಭಿಣಿಯರಿಗೆ ಇದು ಸಲ್ಲದು. ಬೆವರು ತಗ್ಗಿಸುವ ಆಕ್ಸಿಬ್ಯುಟಿನಿನ್ ಮಾತ್ರೆಯೂ ಇದೆ, ಬಾಯಿ ಒಣಗುತ್ತದೆ, ಮಲಬದ್ಧತೆ ಬರಬಹುದು. ಬೊಟಾಕ್ಸ್ ಸುಮಾರು ಆರು ತಿಂಗಳು ನಿಲ್ಲುತ್ತದೆ, ಚುಚ್ಚುವಾಗ ನೋವು.

ಇಷ್ಟೂ ಸೋತರೆ ಎದೆಯ ಸರ್ಜನ್ ಬಳಿ ಹೋಗಿ, ಯಾವ ಪಕ್ಕೆಲುಬಿನ ಮೇಲೆ ಮಾಡುತ್ತೀರಿ, ಏಕೆ ಎಂದು ಮೊದಲೇ ಕೇಳಿ.