ಸೆಟ್ ಆತು

ಮೂರು ದಿನದಿಂದ ಕೈಕೊಟ್ಟಿದ್ದ ತೋಟದ ಪಂಪ್‌ಸೆಟ್ಟನ್ನ ಇವತ್ತು ರಿಪೇರಿಯವ ಬಂದು ಬಿಚ್ಚಿದ, ಏನೋ ತಿರುಪಿದ, ಗ್ರೀಸ್ ಮೆತ್ತಿದ ಕೈಯನ್ನ ಅಡಿಕೆ ಹಾಳೆಗೆ ಒರೆಸ್ತಾ "ಸೆಟ್ ಆತು ನೋಡಿ ಹೆಗಡೇರೇ" ಅಂದ.

ಪಕ್ಕದಲ್ಲೇ ಇಂಗ್ಲಿಷ್ ಪಾಠ ಓದ್ತಿದ್ದ ಮಗಳು ತಲೆ ಎತ್ತಿದಳು. "ಅಪ್ಪಾ, ಸೂರ್ಯ ಸೆಟ್ ಆಗೋದು ಅಂದ್ರೆ, ಅದಕ್ಕೂ ಮೊದ್ಲು ಹಾಳಾಗಿದ್ನಾ?"

ಏನು ಹೇಳೋದು! 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ಈ ಮೂರಕ್ಷರದ ಸೆಟ್‌ಗೇ, ಕ್ರಿಯಾಪದ ಒಂದಕ್ಕೇ 430 ಅರ್ಥ ಅಂತಾರೆ. ನಮ್ಮ ಸೆಟ್ ದೋಸೆ ಅದರಲ್ಲಿ ಇರಲಿಕ್ಕಿಲ್ಲ ಬಿಡಿ. ಶಿರಸಿ ಪೇಟೆಗೆ ಹೋದ್ರೆ ನಂಗೆ ಮೊದ್ಲು ನೆನಪಾಗೋದು ಅದೇ ಅರ್ಥ.

ಅಂದಹಾಗೆ, ಸಂಜೆ ಆರೂವರೆಗೆ ಸೂರ್ಯನ ಜೊತೆ ಪಂಪೂ ಸೆಟ್ ಆಗಿದೆ. ಮಗಳ ಪಾಠದ ಅರ್ಥದಲ್ಲಿ.