ಮಳೆಗಾಲದಲ್ಲಿ ಲೋಟಗಳ ಕ್ಯಾಬಿನೆಟ್

ಮೂಡಿಗೆರೆಯ ನಮ್ಮ ಮನೆಯಲ್ಲಿ ಹಳೆ ಅಡುಗೆಮನೆ ಒಡೆದು ಹೊಸದು ಮಾಡಿಸಿದ್ದು ಹೋದ ಬೇಸಿಗೆಯಲ್ಲಿ. ಹೆಂಚಿನ ಮಾಡು, ಸೌದೆ ಒಲೆ, ಗೋಡೆಗೆ ಹೊಡೆದಿದ್ದ ಹಲಗೆ ಎಲ್ಲ ಹೋಯಿತು. ಮೇಲೆ ಆರ್‌ಸಿಸಿ ಬಂತು. ಎರಡು ಗೋಡೆ ತುಂಬ ಬಾಗಿಲಿರುವ ಪ್ಲೈವುಡ್ ಕ್ಯಾಬಿನೆಟ್ ಬಂತು. ಸಾಮಾನು ಜೋಡಿಸೋಕೆ ಅಂತಲೇ ಅಮ್ಮ ಅರಸೀಕೆರೆಯಿಂದ ಬಂದಿದ್ದರು. ಗಾಜಿನ ಲೋಟ, ಪಿಂಗಾಣಿ ಕಪ್ಪು ಎಲ್ಲವನ್ನೂ ತೊಳೆದು, ತಳಕ್ಕೆ ಹಳೆ ಪೇಪರ್ ಹಾಸಿ, ಸಾಲಾಗಿ ಬೋರಲು ಹಾಕಿದರು. ನೋಡೋಕೆ ಚೆಂದ ಇತ್ತು. ನಮ್ಮತ್ತೆ ಬಾಗಿಲ ಹತ್ತಿರ ನಿಂತು ನೋಡಿ, "ಮಳೆ ಹಿಡೀಲಿ, ಆಮೇಲೆ ನೋಡೋಣ" ಅಂದರು.

ಮಳೆ ಹಿಡಿಯಿತು. ಪುನರ್ವಸು ಮುಗಿದು ಪುಷ್ಯ ಮಳೆ ಶುರುವಾದ ಮೇಲಂತೂ ಬಿಸಿಲಿನ ಮುಖವೇ ಕಾಣಲಿಲ್ಲ. ಮಲೆನಾಡಿನವರಿಗೆ ಗೊತ್ತಲ್ವಾ, ಬಟ್ಟೆ ಒಣಗಲ್ಲ, ಉಪ್ಪು ಡಬ್ಬಿಯಲ್ಲೇ ನೀರೊಡೆಯುತ್ತದೆ, ಬೆಂಕಿಕಡ್ಡಿ ಗೀರಿದರೆ ಹತ್ತಲ್ಲ. ಅಂಥ ಒಂದು ದಿನ ಯಜಮಾನರ ಚಿಕ್ಕಪ್ಪ ಗದ್ದೆ ನೋಡಿಕೊಂಡು ಹಾಗೇ ಮನೆಗೆ ಬಂದರು. ಆಗಲೂ ಅಮ್ಮ ನಮ್ಮಲ್ಲೇ ಇದ್ದರು. ನೆಂಟರು ಅಂತ ಗಾಜಿನ ಲೋಟ ತೆಗೆದು ನೀರು ಕೊಟ್ಟೆವು. ಅವರು ಒಂದು ಗುಟುಕು ಕುಡಿದರು. ಲೋಟವನ್ನು ಮೂಗಿನ ಹತ್ತಿರ ಹಿಡಿದು, "ನೀರು ಬೇರೆ ಕಡೆಯಿಂದ ತರ್ತಿದ್ದೀರೇನಮ್ಮಾ?" ಎಂದು ಕೇಳಿದರು.

ನೀರು ಅದೇ ಬಾವಿಯದು. ಅದನ್ನೇ ಸ್ಟೀಲ್ ಲೋಟಕ್ಕೆ ಹಾಕಿ ಕೊಟ್ಟರೆ ಯಾವ ವಾಸನೆಯೂ ಇಲ್ಲ. ಅವರು ಬೆಲ್ಲದ ಕಾಫಿ ಕುಡಿದು ಹೊರಟ ಮೇಲೆ ನಾವು ಮೂರೂ ಜನ ಆ ಕ್ಯಾಬಿನೆಟ್ಟಿನ ಮುಂದೆ ಕೂತೆವು. ಮಧ್ಯಾಹ್ನವೆಲ್ಲ ಅದೇ ಕೆಲಸ ಆಯಿತು.

ಮೊದಲ ಲೋಟ ಎತ್ತಿದಾಗ ಪೇಪರೂ ಅದರ ಜೊತೆಗೇ ಎದ್ದು ಬಂತು. ಬಾಯಿಯ ಅಂಚು ಪೇಪರಿಗೆ ಅಂಟಿಕೊಂಡಿತ್ತು. ಬಿಡಿಸಿದರೆ ಪೇಪರಿನ ಮೇಲೆ ಒದ್ದೆಯಾದ ಒಂದು ಉಂಗುರ, ಅಂಚಿನ ಸುತ್ತ ಬೂದು ಬಣ್ಣದ ಶಾಯಿ. ಲೋಟದ ಒಳಗಡೆ ಮಂಜು ಕಟ್ಟಿದ ಹಾಗೆ ಮಸುಕು. ಮೂಗಿಗೆ ಹಿಡಿದರೆ ಪ್ಲೈವುಡ್ಡು, ಅಂಟು, ಮುಗ್ಗಲು ಎಲ್ಲ ಸೇರಿದ ವಾಸನೆ. ಎಲ್ಲ ಲೋಟಗಳದ್ದೂ ಇದೇ ಕಥೆ.

ಕಾರಣ ಕಷ್ಟದ್ದೇನಲ್ಲ. ಬೋರಲು ಹಾಕಿದ ಲೋಟದೊಳಗಿನ ಗಾಳಿ ಅಲ್ಲೇ ನಿಲ್ಲುತ್ತದೆ. ತೊಳೆದಾಗ ಉಳಿದ ನಾಲ್ಕು ಹನಿ ಹೊರಗೆ ಹೋಗೋಕೆ ದಾರಿಯಿಲ್ಲ. ಹಲಗೆಯ ವಾಸನೆ ಒಳಗೇ ಕೂರುತ್ತದೆ. ಕುಡಿಯುವಾಗ ಮೂಗು ಇರೋದು ಸರಿಯಾಗಿ ಲೋಟದ ಬಾಯಿಯ ಮೇಲೇ ಅಲ್ವಾ, ಹಾಗಾಗಿ ಚೂರು ವಾಸನೆಯೂ ನೀರಿನದೇ ಅನ್ನಿಸುತ್ತದೆ. ಇದರ ಜೊತೆ ನಮ್ಮ ಹೊಸ ಅಡುಗೆಮನೆಯ ಪಾಲೂ ಇತ್ತು. ಗ್ಯಾಸ್ ಉರಿದಾಗ ಶಾಖದ ಜೊತೆಗೆ ನೀರಾವಿಯೂ ಹುಟ್ಟುತ್ತದೆ. ಅನ್ನ, ಸಾರಿನ ಹಬೆ ಬೇರೆ. ಲೋಟದ ಕ್ಯಾಬಿನೆಟ್ ಇದ್ದದ್ದು ಒಲೆಯ ಪಕ್ಕದಲ್ಲಿ, ಅದೂ ಮಳೆ ಬಡಿಯುವ ಪಡುವಣ ಗೋಡೆಗೆ. ತಣ್ಣಗಿನ ಗೋಡೆ, ಬಿಸಿ ಹಬೆ, ಮುಚ್ಚಿದ ಬಾಗಿಲು. ಹಳೆ ಅಡುಗೆಮನೆಯಲ್ಲಿ ಸೌದೆ ಒಲೆಯ ಕಾವು ದಿನವಿಡೀ ಇರುತ್ತಿತ್ತು, ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಹೊಗೆ ಕಣ್ಣು ಉರಿಸುತ್ತಿತ್ತು ನಿಜ, ಆದರೆ ಪಾತ್ರೆ ಒಣಗುತ್ತಿತ್ತು.

ಅಮ್ಮ ಬೇಜಾರು ಮಾಡಿಕೊಂಡರು. "ನೋಡಿ ಅಕ್ಕ, ನಮ್ಮೂರಲ್ಲಿ ಅಂಗಾತ ಇಟ್ರೆ ಸಂಜೆ ಹೊತ್ತಿಗೆ ಲೋಟದ ತಳದಲ್ಲಿ ಧೂಳು ಕೂತಿರುತ್ತೆ. ಹಲ್ಲಿ, ಜಿರಳೆ ಕಾಟ ಬೇರೆ" ಅಂದರು. ಅತ್ತೆ ನಕ್ಕು, "ಈ ಮಳೇಲಿ ಧೂಳು ಎಲ್ಲಿಂದ ಏಳ್ಬೇಕು ಹೇಳಿ. ನಿಮ್ಮೂರಿಗೆ ನಿಮ್ಮದೇ ಸರಿ" ಅಂದರು. ಅವರಿಬ್ಬರ ಮಾತೂ ಸರಿಯೇ. ಮೂಡಿಗೆರೆ ಕಡೆ ವರ್ಷದ ಮಳೆ ಸಾಮಾನ್ಯವಾಗಿ 2000 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಅರಸೀಕೆರೆಯಲ್ಲಿ ಅದರ ಅರ್ಧವೂ ಇಲ್ಲ. ಅಲ್ಲಿ ತೊಳೆದಿಟ್ಟ ಲೋಟ ಕಾಫಿ ಕಾಯುವಷ್ಟರಲ್ಲಿ ಒಣಗಿರುತ್ತದೆ. ಲೋಟದ ಬಾಯಿ ಮೇಲಿರಬೇಕಾ ಕೆಳಗಿರಬೇಕಾ ಅಂತ ಎಲ್ಲ ಊರಿಗೂ ಒಂದೇ ನಿಯಮ ಹೇಳುವವರನ್ನು ಕಂಡರೆ ನನಗೆ ಇದನ್ನೇ ಹೇಳಬೇಕು ಅನ್ನಿಸುತ್ತದೆ. ಮೊದಲು ನಿಮ್ಮೂರಿನ ಗಾಳಿ ನೋಡಿ.

ಒಂದರೊಳಗೆ ಒಂದು ಇಟ್ಟಿದ್ದ ಎರಡು ಮಜ್ಜಿಗೆ ಲೋಟ ಕಚ್ಚಿಕೊಂಡು ಕೂತಿದ್ದವು. ಸಂದಿಯಲ್ಲಿ ನೀರಿನ ಪಸೆ ಇದ್ದರೆ ಹಾಗೆ ಹಿಡಿದುಕೊಳ್ಳುತ್ತವೆ. ನಾನು ತಿರುಚೋಕೆ ಹೋದಾಗ ಅತ್ತೆ, "ಬಿಡು, ಕೈ ಕೊಯ್ಕೊಳ್ತೀಯ" ಅಂತ ತಾವೇ ತಗೊಂಡರು. ಒಳಗಿನ ಲೋಟಕ್ಕೆ ತಣ್ಣೀರು ತುಂಬಿದರು. ಹೊರಗಿನ ಲೋಟ ಮುಳುಗುವ ಹಾಗೆ ಎರಡನ್ನೂ ಉಗುರು ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಇಟ್ಟರು. ಹೊರಗಿನ ಗಾಜು ಚೂರು ಹಿಗ್ಗುತ್ತದೆ, ಒಳಗಿನದು ಕುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಟಕ್ ಅಂತ ಸಡಿಲವಾಯಿತು. ನೀರು ಬೆಚ್ಚಗಿದ್ದರೆ ಸಾಕು. ಕುದಿಯುವ ನೀರು ಹಾಕಿದರೆ ಗಾಜು ಸೀಳುತ್ತದೆ.

ಲೋಟದ ಮಸುಕು ವಿನೆಗರ್ ಹಚ್ಚಿ ತೊಳೆದಾಗ ಹೆಚ್ಚಿನವುಗಳಲ್ಲಿ ಹೋಯಿತು. ಕೆಲವದರಲ್ಲಿ ಹೋಗಲಿಲ್ಲ. ಅವು ಅತ್ತೆಯ ಮದುವೆಗೆ ಬಂದ ಲೋಟಗಳು, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದವು. ಮಾಮೂಲಿ ಗಾಜು ಮಾಡುವಾಗ ಮರಳಿನ ಜೊತೆ ಸೋಡಾ, ಸುಣ್ಣ ಸೇರಿಸಿ ಕರಗಿಸುತ್ತಾರೆ. ತೇವ ಬಹಳ ಕಾಲ ತಾಗುತ್ತಲೇ ಇದ್ದರೆ ಸೋಡಾದ ಅಂಶ ಮೇಲ್ಮೈಯಿಂದ ಬಿಟ್ಟುಕೊಂಡು ಬರುತ್ತದೆ, ಗಾಜು ತನ್ನ ಹೊಳಪು ಕಳೆದುಕೊಳ್ಳುತ್ತದೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗಲ್ಲ. ಅತ್ತೆ ಆ ಲೋಟಗಳನ್ನು ಎಸೆಯೋಕೆ ಬಿಡಲಿಲ್ಲ, ನನಗೂ ಮನಸ್ಸು ಬರಲಿಲ್ಲ.

ಗಾಜಿನ ಲೋಟವನ್ನು ಅಂಗಾತ ಇಡೋಕೆ ನನಗೆ ಇನ್ನೊಂದು ಕಾರಣವೂ ಇದೆ. ಲೋಟದ ತಳ ದಪ್ಪ, ಬಾಯಿಯ ಅಂಚು ತೆಳು. ಭಾರವೆಲ್ಲ ತೆಳು ಅಂಚಿನ ಮೇಲೆ ಬಿದ್ದು, ಜೊತೆಗೆ ಇಡುವಾಗ ಕುಟ್ಟಿದರೆ ಸಣ್ಣ ಚಕ್ಕೆ ಏಳುತ್ತದೆ. ಅದು ಕಣ್ಣಿಗೆ ಕಾಣೋ ಮೊದಲು ತುಟಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದು ಸಣ್ಣ ವಿಷಯವಲ್ಲ. ಪಿಂಗಾಣಿ ಕಪ್ಪುಗಳದು ಬೇರೆ ರೀತಿ. ಅವುಗಳ ತಳದ ಉಂಗುರಕ್ಕೆ ಎಷ್ಟೋ ಸಲ ಹೊಳಪಿನ ಲೇಪ ಇರಲ್ಲ, ಬೆರಳಾಡಿಸಿದರೆ ತರಿತರಿ. ಒಂದರ ಮೇಲೊಂದು ಪೇರಿಸಿದರೆ ಮೇಲಿನದು ಕೆಳಗಿನದನ್ನು ಗೀರುತ್ತದೆ. ಹಿಡಿಯೂ ಕಪ್ಪಿಗೆ ಆಮೇಲೆ ಅಂಟಿಸಿ ಸುಟ್ಟದ್ದು, ಆದ್ದರಿಂದ ಕೊಕ್ಕೆಗೆ ನೇತುಹಾಕೋದು ನನಗೆ ಒಪ್ಪಿಗೆಯಿಲ್ಲ. ಎರಡೇ ಪೇರಿಸಿ, ನಡುವೆ ಹತ್ತಿ ಬಟ್ಟೆಯ ತುಂಡು ಇಡುತ್ತೇನೆ.

ಸ್ಟೀಲ್ ಲೋಟಗಳಿಗೆ ಮಾತ್ರ ಬೋರಲೇ ಸರಿ, ಅದೂ ಕಡ್ಡಿಯ ಸ್ಟ್ಯಾಂಡಿನಲ್ಲಿ. ನಮ್ಮ ಹಳೆ ಸ್ಟ್ಯಾಂಡನ್ನು ಮರಗೆಲಸದವರು "ಹೊಸ ಕಿಚನ್ನಿಗೆ ಹೊಂದಲ್ಲ" ಅಂತ ಹೊರಗಿಟ್ಟಿದ್ದರು. ಕೊಟ್ಟಿಗೆಯಲ್ಲಿ ಬಿದ್ದಿದ್ದ ಅದನ್ನು ಅವತ್ತೇ ಸಂಜೆ ತಂದೆವು. ಅದರಷ್ಟು ಬುದ್ಧಿವಂತಿಕೆಯ ಸಾಮಾನು ನಮ್ಮ ಅಡುಗೆಮನೆಗಳಲ್ಲಿ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಲೋಟ ಬೋರಲಿದ್ದರೂ ಬಾಯಿ ತೆರೆದೇ ಇರುತ್ತದೆ, ನೀರು ಕೆಳಗೆ ಇಳಿಯುತ್ತದೆ, ಗಾಳಿ ಮೇಲೇರುತ್ತದೆ. ಧೂಳೂ ಕೂರಲ್ಲ, ಮುಗ್ಗಲೂ ಹಿಡಿಯಲ್ಲ. ಅಜ್ಜಿಯ ಹೆಸರು ಕೊರೆಸಿದ ಲೋಟಗಳು ಅದರಲ್ಲಿ ಎಷ್ಟು ಮಳೆಗಾಲ ಕಳೆದಿವೆಯೋ, ಒಂದಕ್ಕೂ ವಾಸನೆಯಿಲ್ಲ.

ಈಗ ಗಾಜಿನ ಲೋಟಗಳು ಒಲೆಯಿಂದ ದೂರದ, ಒಳಗೋಡೆಯ ಕ್ಯಾಬಿನೆಟ್ಟಿನಲ್ಲಿ ಅಂಗಾತ ಇವೆ. ತೊಳೆದ ಮೇಲೆ ಸ್ಟ್ಯಾಂಡಿನಲ್ಲಿ ಒಂದು ರಾತ್ರಿ ಇದ್ದು, ಒಣಬಟ್ಟೆಯಲ್ಲಿ ಒರೆಸಿಕೊಂಡೇ ಒಳಗೆ ಹೋಗುತ್ತವೆ. ಪೇಪರ್ ತೆಗೆದುಬಿಟ್ಟೆವು. ನುಸಿಗುಳಿಗೆಯನ್ನಂತೂ ಆ ಕಡೆ ಸುಳಿಯೋಕೂ ಬಿಡಲ್ಲ, ಅದರ ವಾಸನೆ ಪ್ಲೈವುಡ್ಡಿಗಿಂತ ಕಡೆ. ಮಳೆಗಾಲದಲ್ಲಿ ಬೆಳಗ್ಗೆ ಅಡುಗೆ ಮುಗಿದ ಮೇಲೆ ಕ್ಯಾಬಿನೆಟ್ಟಿನ ಬಾಗಿಲುಗಳನ್ನು ಸ್ವಲ್ಪ ಹೊತ್ತು ತೆರೆದಿಡುತ್ತೇವೆ.

ಅರಸೀಕೆರೆಯಲ್ಲಿ ಅಮ್ಮ ಈಗಲೂ ಬೋರಲೇ ಹಾಕುತ್ತಾರೆ. ಬದಲಾಯಿಸಿ ಅಂತ ನಾನು ಹೇಳಿಲ್ಲ. ಪೇಪರ್ ಮಾತ್ರ ತೆಗೆಸಿ, ತೂತು ತೂತಿರುವ ರಬ್ಬರ್ ಚಾಪೆ ಕತ್ತರಿಸಿ ಹಾಸಿಕೊಟ್ಟು ಬಂದೆ. ಅಂಚಿಗೆ ಪೆಟ್ಟೂ ಬೀಳಲ್ಲ, ಅಡಿಯಲ್ಲಿ ಚೂರು ಗಾಳಿಯೂ ಆಡುತ್ತದೆ.